‘ನಾಳೆ’ ಅಳಿಸಿಹೋದ ಬಾಗಿಲು

ನಾನು ಮಾಡಿದ ದೆವ್ವದ ಕಿರುಚಿತ್ರ 12 ನಿಮಿಷದ್ದು. ಕಥೆ ನಮಗೆಲ್ಲ ಗೊತ್ತಿರೋದೇ. 90ರ ದಶಕದಲ್ಲಿ ಮನೆಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ದರಲ್ಲ, ಅದು. ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತೆ. ಬಾಗಿಲು ತೆಗೆದರೆ ಮುಗೀತು. ಬರಹ ಓದಿದರೆ ವಾಪಸ್ ಹೋಗುತ್ತೆ, ಮಾರನೇ ರಾತ್ರಿ ಬಂದು ಮತ್ತೆ ಅದನ್ನೇ ಓದುತ್ತೆ.

ಮೊದಲ ಸಲ ಬೆಂಗಳೂರಿನಲ್ಲಿ ಸ್ನೇಹಿತನ ಮನೆಯಲ್ಲಿ ಹದಿನೈದು ಜನಕ್ಕೆ ತೋರಿಸಿದೆ. ಹುಡುಗ ಒಬ್ಬನೇ ಓದುತ್ತಾ ಕೂತಿದ್ದಾನೆ. ಹೊರಗಿಂದ ಅಮ್ಮ ಕರೆಯುತ್ತಾಳೆ. ಅವನು ಚಿಲಕ ತೆಗೆಯುತ್ತಾನೆ. ಆಮೇಲೆ ಒಳಕೋಣೆಯಲ್ಲಿ ಅಮ್ಮ ಮಲಗಿರೋದು ಕಾಣುತ್ತೆ, ಜೊತೆಗೆ ಢಮಾರ್ ಅಂತ ಸಂಗೀತ. ಎಲ್ಲರೂ ಬೆಚ್ಚಿದರು, ಹಿಂದೆಯೇ ನಕ್ಕರು. ‘ಚೆನ್ನಾಗಿದೆ’ ಅಂದು ಕಾಫಿ ಕುಡಿದು ಬೇರೆ ಮಾತಿಗೆ ಹೋದರು. ನನಗೆ ತುಂಬಾ ಬೇಜಾರಾಯ್ತು.

ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ಹೇಳಿದ್ದು ಆಗ ನೆನಪಾಯ್ತು. ಮೇಜಿನ ಕೆಳಗಿನ ಬಾಂಬ್ ಏಕಾಏಕಿ ಸಿಡಿದರೆ ಜನ 15 ಸೆಕೆಂಡ್ ಬೆಚ್ಚುತ್ತಾರೆ. ಅಲ್ಲಿ ಬಾಂಬ್ ಇದೆ ಅಂತ ಮೊದಲೇ ತೋರಿಸಿದ್ದರೆ 15 ನಿಮಿಷ ಒದ್ದಾಡುತ್ತಾರೆ. ನಾನು ಅಮ್ಮನನ್ನೇ ಬಚ್ಚಿಟ್ಟಿದ್ದೆ, ಅಲ್ವಾ?

ಎಡಿಟಿಂಗ್‌ನಲ್ಲಿ ಅಮ್ಮ ಮಲಗಿರೋ ಶಾಟ್ ಮೊದಲಿಗೆ ಬಂತು. ಸಂಗೀತ ಪೂರ್ತಿ ತೆಗೆದೆ. ಕೈ ಚಿಲಕಕ್ಕೆ ಹೋಗೋ ಶಾಟ್ ನಾಲ್ಕು ಸೆಕೆಂಡ್ ಇತ್ತು, ಒಂಬತ್ತು ಮಾಡಿದೆ. ಮತ್ತೆ ಒಂದೇ ಒಂದು ಹೊಸ ಶಾಟ್ ತೆಗೆದೆವು. ಹೆಂಚಿನ ಸಂದಿಯಿಂದ ಮಳೆನೀರು ಸೋರಿ ಬಾಗಿಲ ಮೇಲಿನ ‘ನಾಳೆ’ ಅಳಿಸಿಹೋಗುತ್ತೆ, ‘ಬಾ’ ಉಳಿಯುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿದೆವು, ಒರೆಸಿದ ಹಾಗೇ ಕಾಣ್ತಿತ್ತು. ಕೊನೆಗೆ ಚೆಂಬಿನಿಂದ ನೀರನ್ನು ಸಣ್ಣಗೆ ಇಳಿಬಿಟ್ಟಾಗ ಸೀಮೆಸುಣ್ಣ ಕರಗಿ ಬಿಳಿ ಗೆರೆಯಾಗಿ ಹರಿಯಿತು. ಇಡೀ ಚಿತ್ರದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಅದೇ.

ಎರಡನೇ ಸಲ ತೋರಿಸಿದ್ದು ನಮ್ಮೂರಲ್ಲಿ, ಅರಸೀಕೆರೆ ಹತ್ತಿರ, ಗಣಪತಿ ಹಬ್ಬದ ರಾತ್ರಿ, ಶಾಲೆಯ ಗೋಡೆ ಮೇಲೆ. ನಾನು ಗೋಡೆಯ ಪಕ್ಕ ಜನರ ಕಡೆ ಮುಖ ಮಾಡಿ ಕೂತೆ. ಹೀಗೆ ಕೂರೋದನ್ನು ಕಿರುಚಿತ್ರ ಮಾಡುವ ಎಲ್ಲರಿಗೂ ಹೇಳ್ತೀನಿ. ಮುಗಿದ ಮೇಲೆ ಕೇಳಿದರೆ ಜನ ಸಂಕೋಚಕ್ಕೆ ಹೊಗಳುತ್ತಾರೆ. ನೋಡುವಾಗ ಅವರ ಮುಖ ಸುಳ್ಳು ಹೇಳಲ್ಲ.

ನೀರು ಹರಿಯಿತು. ಮುಂದೆ ಕೂತಿದ್ದ ಪುಟ್ಟ ಹುಡುಗಿ, ಎರಡನೇ ಕ್ಲಾಸೋ ಮೂರನೆಯದೋ, ಉಳಿದ ಅಕ್ಷರವನ್ನು ಜೋರಾಗಿ ಓದಿದಳು: ‘ಬಾ.’ ಯಾರೂ ನಗಲಿಲ್ಲ. ಪಕ್ಕದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದವರ ಕೈ ನಿಂತಿತು. ಅರ್ಧ ಬಿಡಿಸಿದ ಕಾಯಿ ಬೆರಳ ಸಂದಿಯಲ್ಲೇ ಇತ್ತು, ಚಿತ್ರ ಮುಗಿಯುವವರೆಗೂ ಬಾಯಿಗೆ ಹೋಗಲಿಲ್ಲ. ಹೊರಗಿಂದ ಅಮ್ಮನ ದನಿ ಬಂದಾಗ ಹಿಂದೆ ನಿಂತಿದ್ದ ಹುಡುಗರು ಒಬ್ಬರಿಗೊಬ್ಬರು ಒತ್ತಿಕೊಂಡರು. ಕೈ ಚಿಲಕದ ಹತ್ತಿರ ಹೋದಾಗ ಹೆಂಗಸರ ಸಾಲಿನಿಂದ ಕೂಗು ಬಂತು: ‘ಬೇಡ ಕಣೋ ಮಗಾ, ತೆಗೀಬೇಡ! ನಿಮ್ಮವ್ವ ಒಳಗವ್ಳೆ!’

ಆ ಕೂಗಿಗೆ ನನ್ನ ಕಣ್ಣು ತುಂಬಿತು.

ಮುಗಿದ ಮೇಲೆ ಒಬ್ಬರು ಅಜ್ಜಿ ಬಂದು ಕೈ ಹಿಡಿದರು. ‘ಚೆಂದಾಗೈತೆ ಮಗಾ. ಆದ್ರೆ ಒಂದು ತಪ್ಪು ಮಾಡಿದ್ದೀಯ. ಮೂರು ಸಲ ಕರೆಯೋರು ಮನುಷ್ಯರು. ದೆವ್ವ ಒಂದೇ ಸಲ ಕರೆಯೋದು.’ ನನ್ನ ಚಿತ್ರದಲ್ಲಿ ಅದು ಮೂರು ಸಲ ಕರೆದಿತ್ತು. ಚಿಕ್ಕವನಿದ್ದಾಗ ನಮ್ಮಜ್ಜಿಯೂ ಇದನ್ನೇ ಹೇಳಿದ್ದರು, ರಾತ್ರಿ ಮೂರನೇ ಸಲ ಕರೆಯೋವರೆಗೂ ಓಗೊಡಬೇಡ ಅಂತ.

ಆ ರಾತ್ರಿಯೇ ಲ್ಯಾಪ್‌ಟಾಪ್ ತೆರೆದು ಎರಡು ಕರೆ ಅಳಿಸಿದೆ. ಈಗ ಅಮ್ಮನ ದನಿ ಒಂದೇ ಸಲ ಬರುತ್ತೆ. ಆಮೇಲೆ ಹನ್ನೊಂದು ಸೆಕೆಂಡ್, ಹೆಂಚಿನ ಮೇಲೆ ಮಳೆ ಸದ್ದು ಮಾತ್ರ.