ದೊಡ್ಡ ಕಂಪನಿಯನ್ನು ಉತ್ತರ ಹೇಳುವಂತೆ ಮಾಡುವುದು ಹೇಗೆ?

ಕಂಪನಿಯೊಂದರಿಂದ ಹಾನಿಗೊಳಗಾದವರು ಸಾಮಾನ್ಯವಾಗಿ ಘೋಷಣೆಯಿಂದ ಆರಂಭಿಸುತ್ತಾರೆ. ಕಡತದಿಂದ ಆರಂಭಿಸುವುದು ಲೇಸು. ಏನಾಯಿತು, ಯಾವ ದಿನ, ಯಾರು ನೋಡಿದರು ಎಂಬುದನ್ನು ಅಂದಂದೇ ಬರೆದಿಡಬೇಕು. ವೈದ್ಯಕೀಯ ವರದಿ, ಛಾಯಾಚಿತ್ರ, ಪ್ರಯೋಗಾಲಯದ ಫಲಿತಾಂಶ ಇವುಗಳ ಮೂಲಪ್ರತಿಯನ್ನು ಕೈಬಿಡದೆ ನಕಲುಗಳನ್ನಷ್ಟೇ ಹಂಚಬೇಕು.

ಆಮೇಲೆ, ಹೊಣೆಗಾರರು ಯಾರೆಂದು ಗುರುತಿಸಬೇಕು. ಬಹಳಷ್ಟು ಹೋರಾಟಗಳು ಎಡವುವುದು ಇಲ್ಲಿಯೇ. ತಪ್ಪು ಅಂಗಸಂಸ್ಥೆಯದು ಎಂದು ಮಾತೃಸಂಸ್ಥೆ ಕೈತೊಳೆದುಕೊಳ್ಳುತ್ತದೆ. ಜಾಂಬಿಯಾದ ಎನ್‌ಚಾಂಗಾ ತಾಮ್ರದ ಗಣಿಯಿಂದ ತಮ್ಮ ನೀರು ಕೆಟ್ಟಿತೆಂದು 1,826 ಗ್ರಾಮಸ್ಥರು, ಗಣಿ ನಡೆಸುತ್ತಿದ್ದ ಅಂಗಸಂಸ್ಥೆಯ ಮಾತೃಸಂಸ್ಥೆಯಾದ ವೇದಾಂತ ಕಂಪನಿಯ ಮೇಲೆ ಇಂಗ್ಲೆಂಡಿನಲ್ಲಿ ದಾವೆ ಹೂಡಿದಾಗಲೂ ಇಂಥದೇ ವಾದ ಎದುರಾಯಿತು. ಪ್ರಕರಣ ಇಂಗ್ಲೆಂಡಿನಲ್ಲಿಯೇ ಮುಂದುವರಿಯಬಹುದೆಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪಿತ್ತಿತು. ಅಂಗಸಂಸ್ಥೆಗಳ ಪರಿಸರ ನಿರ್ವಹಣೆಯ ಮೇಲೆ ತನ್ನ ನಿಗಾ ಇದೆಯೆಂದು ಕಂಪನಿ ತಾನೇ ಪ್ರಕಟಿಸಿಕೊಂಡಿದ್ದ ಬರಹಗಳು ಅದಕ್ಕೆ ಮಹತ್ವದ ಆಧಾರವಾದವು. ಆದ್ದರಿಂದ ವಾರ್ಷಿಕ ವರದಿಗಳನ್ನು, ಓದಲು ಎಷ್ಟೇ ಬೇಸರವಾದರೂ, ಹಳೆಯವುಗಳ ಸಮೇತ ಸಂಗ್ರಹಿಸಬೇಕು.

ವಕೀಲರನ್ನು ಕಂಡಾಗ ಮೊದಲು ಕೇಳಬೇಕಾದದ್ದು ದಾವೆಯ ಕಾಲಮಿತಿಯನ್ನು, ಅನಂತರ ಎದುರಾಳಿಯ ಆಂತರಿಕ ದಾಖಲೆಗಳನ್ನು ಹೊರತರಿಸುವ ದಾರಿಯನ್ನು. ಅಮೆರಿಕದಲ್ಲಿ ವಕೀಲ ರಾಬರ್ಟ್ ಬಿಲಾಟ್ ಅವರು ಡುಪಾಂಟ್ ಕಂಪನಿಯಿಂದ ನ್ಯಾಯಾಲಯದ ಮೂಲಕ ಪಡೆದ ದಾಖಲೆಗಳು 1,10,000 ಪುಟಗಳನ್ನು ಮೀರಿದ್ದವು; ಜನರ ಕುಡಿಯುವ ನೀರಿಗೆ ಸೇರಿದ್ದ ತನ್ನ ರಾಸಾಯನಿಕದ ಅಪಾಯ ಕಂಪನಿಗೆ ದಶಕಗಳಿಂದ ತಿಳಿದಿತ್ತೆಂಬುದು ಆ ಕಾಗದಗಳಿಂದಲೇ ಹೊರಬಿತ್ತು. 2017ರಲ್ಲಿ ಸಂತ್ರಸ್ತರೊಂದಿಗೆ ಸುಮಾರು 67 ಕೋಟಿ ಡಾಲರ್‌ಗಳ ರಾಜಿಯಾಯಿತು.

ಪತ್ರಕರ್ತರ ಬಳಿಗೆ ಹೋಗುವಾಗ ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆಯಾಗಿ ಹೇಳಬೇಕು. ವರದಿ ಅಚ್ಚಾಗುವ ಮುನ್ನ ಕಂಪನಿಗೆ ಲಿಖಿತ ಪ್ರಶ್ನೆ ಕಳಿಸಿ, ಉತ್ತರಕ್ಕೆ ಸಾಕಷ್ಟು ಸಮಯ ಕೊಡುವುದು ಮರ್ಯಾದೆಯ ಜೊತೆಗೆ ರಕ್ಷಣೆಯೂ ಹೌದು. ಕರಪತ್ರವೊಂದರ ಕಾರಣಕ್ಕೆ ಮೆಕ್‌ಡೊನಾಲ್ಡ್ಸ್ ಬ್ರಿಟನ್ನಿನ ಇಬ್ಬರು ಕಾರ್ಯಕರ್ತರ ಮೇಲೆ ಹೂಡಿದ ಮಾನನಷ್ಟ ದಾವೆಯ ವಿಚಾರಣೆ 313 ದಿನ ನಡೆಯಿತು. ಆರೋಪಗಳು ನಿಜವೆಂದು ತೋರಿಸುವ ಹೊರೆ ವಕೀಲರ ನೆರವಿಗೆ ಸರ್ಕಾರದ ಹಣ ಸಿಗದ ಆ ಇಬ್ಬರ ಮೇಲೆಯೇ ಇತ್ತು. ಇದು ನ್ಯಾಯಯುತ ವಿಚಾರಣೆಯಲ್ಲವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2005ರಲ್ಲಿ ಹೇಳಿತು, ಆದರೆ ಅಷ್ಟರಲ್ಲಿ ವರ್ಷಗಳೇ ಕಳೆದಿದ್ದವು. ಸಾಬೀತುಪಡಿಸಲಾಗದ ವಾಕ್ಯವನ್ನು ಎಷ್ಟೇ ಇಷ್ಟವಾದರೂ ಹೊಡೆದುಹಾಕಬೇಕು.

ಪ್ರಚಾರಾಂದೋಲನಕ್ಕೆ ಬೇಕಾದದ್ದು ಈಡೇರಿತೋ ಇಲ್ಲವೋ ಎಂದು ಪರೀಕ್ಷಿಸಬಹುದಾದ ಒಂದೇ ಬೇಡಿಕೆ. 2013ರಲ್ಲಿ ಬಾಂಗ್ಲಾದೇಶದಲ್ಲಿ ಉಡುಪು ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತ ಮೇಲೆ ಕಾರ್ಮಿಕ ಸಂಘಗಳು ಉಡುಪು ಕಂಪನಿಗಳಿಂದ ಪಡೆದದ್ದು ಕಾರ್ಖಾನೆಗಳ ಸುರಕ್ಷತೆಗಾಗಿ, ಕಾನೂನಿನ ಪ್ರಕಾರ ಪಾಲಿಸಲೇಬೇಕಾದ ಒಪ್ಪಂದ. ಸ್ವತಂತ್ರ ತಪಾಸಣೆಯೂ ವರದಿಗಳ ಪ್ರಕಟಣೆಯೂ ಅದರ ಭಾಗವಾಗಿದ್ದವು. ರಾಜಿಗೆ ಕರೆ ಬಂದಾಗಲೂ ಮೊತ್ತವನ್ನು ನೋಡುವ ಮೊದಲು ಗೋಪ್ಯತೆಯ ಷರತ್ತನ್ನು ಓದಬೇಕು: ಅದಕ್ಕೆ ಸಹಿ ಹಾಕಿದರೆ ಮುಂದಿನ ಸಂತ್ರಸ್ತರ ಪಾಲಿಗೆ ಈ ಕಡತ ಇಲ್ಲವಾಗುತ್ತದೆ.