ಗೊಂಬೆಯ ತಲೆಗೆ ಎಣ್ಣೆ ಹಚ್ಚಬೇಡಿ

ಕೂದಲು ಸಿಕ್ಕಾದರೆ ನಾಲ್ಕು ತೊಟ್ಟು ಎಣ್ಣೆ ಹಚ್ಚಿ ಬಾಚುವುದು ನಮ್ಮ ಮನೆಗಳ ರೂಢಿ. ಗೊಂಬೆಯ ಕೃತಕ ಕೂದಲಿನ ಮಟ್ಟಿಗೆ ಇದೇ ಮೊದಲ ತಪ್ಪು. ನಾಟಕದವರು ಟೋಪನ್ ಎಂದೂ ಅಂಗಡಿಯವರು ವಿಗ್ ಎಂದೂ ಕರೆಯುವ ಇದು ನೋಟಕ್ಕೆ ಕೂದಲಾದರೂ ಗುಣದಲ್ಲಿ ಪ್ಲಾಸ್ಟಿಕ್ ನೂಲು. ಅದು ಎಣ್ಣೆಯನ್ನು ಹೀರುವುದಿಲ್ಲ. ಮೇಲೆ ನಿಂತ ಜಿಡ್ಡಿಗೆ ಧೂಳು ಮೆತ್ತಿಕೊಳ್ಳುತ್ತದೆ, ಅಷ್ಟೆ. ಅಕ್ಕನ ಮಗಳ ಗೊಂಬೆಗೆ ಮಮತೆಯಿಂದ ಕೊಬ್ಬರಿ ಎಣ್ಣೆ ಸವರಿದ ನಾನು, ಆ ಜಿಡ್ಡು ಬಿಡಿಸಲು ಪಾತ್ರೆ ತೊಳೆಯುವ ದ್ರಾವಣದಲ್ಲಿ ಮೂರು ಸಲ ಅದ್ದಬೇಕಾಯಿತು.

ಕೆಲಸಕ್ಕೆ ಕೈ ಹಾಕುವ ಮುನ್ನ ಎಳೆ ಯಾವುದೆಂದು ತಿಳಿದುಕೊಳ್ಳಬೇಕು. 1959ರಲ್ಲಿ ಬಂದ ಮೊದಲ ಬಾರ್ಬಿಗೆ ಇದ್ದದ್ದು ಸರಾನ್ ಎಂಬ ತೂಕದ, ಹೊಳಪಿನ ಎಳೆ. ಇಂದಿನ ಗೊಂಬೆಗಳಲ್ಲಿ ಅದರ ಜೊತೆಗೆ ನೈಲಾನ್, ಜಪಾನಿನ ಕನೆಕಲಾನ್ ಮತ್ತು ಅಗ್ಗದ ಪಾಲಿಪ್ರೊಪಿಲೀನ್ ಕಾಣಸಿಗುತ್ತವೆ. ವಿಗ್ಗಿನ ಒಳಭಾಗದಿಂದ ನಾಲ್ಕು ಎಳೆಗಳ ತುದಿಯನ್ನು ಕತ್ತರಿಸಿ, ಒಂದು ಹನಿ ಶಾಂಪೂ ಬೆರೆಸಿದ ನೀರಿನ ಲೋಟಕ್ಕೆ ಹಾಕಿ ಬೆರಳಿನಿಂದ ಒತ್ತಿ ಮುಳುಗಿಸಿ ನೋಡಿ. ಮತ್ತೆ ಮತ್ತೆ ತೇಲಿ ಬಂದರೆ ಅದು ಪಾಲಿಪ್ರೊಪಿಲೀನ್, ಏಕೆಂದರೆ ಅದು ನೀರಿಗಿಂತ ಹಗುರ. ಉಳಿದ ಮೂರೂ ತಳ ಸೇರುತ್ತವೆ. ತೇಲುವ ಕೂದಲನ್ನು ತೊಳೆದು ನಯಮಾಡಬಹುದು, ಆದರೆ ಅದರಲ್ಲಿ ಗುಂಗುರು ನಿಲ್ಲುವುದಿಲ್ಲ, ಅದಕ್ಕಾಗಿ ಹೆಣಗಾಡಬೇಡಿ.

ತೊಳೆಯುವ ಮೊದಲು ಸಿಕ್ಕು ಬಿಡಿಸಬೇಕು. ತೆಗೆಯಲು ಬರುವ ವಿಗ್ಗಾದರೆ ತಲೆಯಿಂದ ತೆಗೆದುಬಿಡಿ. ಬಾರ್ಬಿಯಂತೆ ಕೂದಲನ್ನು ನೆತ್ತಿಗೇ ನೆಟ್ಟಿರುವ ಗೊಂಬೆಯಾದರೆ ಮುಖ ಮತ್ತು ಕತ್ತಿಗೆ ಬಟ್ಟೆ ಸುತ್ತಿ ಕೂದಲನ್ನಷ್ಟೇ ನೀರಿಗೆ ಇಳಿಬಿಡಿ. ಹಲ್ಲು ಅಗಲವಾಗಿರುವ ಲೋಹದ ಬಾಚಣಿಗೆ ಒಳ್ಳೆಯದು, ಪ್ಲಾಸ್ಟಿಕ್ಕಿನದು ಎಳೆಗಳಿಗೆ ವಿದ್ಯುತ್ ಹಿಡಿಸಿ ಕೂದಲು ಎದ್ದು ನಿಲ್ಲುವಂತೆ ಮಾಡುತ್ತದೆ. ಒಂದು ಹಿಡಿ ಕೂದಲನ್ನು ನಡುವಿನಲ್ಲಿ ಬಿಗಿಯಾಗಿ ಹಿಡಿದು, ತುದಿಯ ಅರ್ಧ ಅಂಗುಲವನ್ನು ಮೊದಲು ಬಾಚಿ, ಅದು ಸಲೀಸಾದ ಮೇಲೆ ಅರ್ಧ ಅಂಗುಲ ಮೇಲಕ್ಕೆ ಹೋಗುತ್ತ ಬುಡ ತಲುಪಬೇಕು. ಬುಡದಿಂದ ಎಳೆದರೆ ಹೊಲಿಗೆಯೇ ಕಿತ್ತು ಬರುತ್ತದೆ.

ಒಗೆಯುವ ಮಟ್ಟಿಗೆ ಇದನ್ನು ರೇಷ್ಮೆ ಸೀರೆಯಂತೆ ಕಾಣಬೇಕು. ಒಂದು ಲೀಟರ್ ತಣ್ಣೀರಿಗೆ ಅರ್ಧ ಚಮಚ ಸೌಮ್ಯ ಶಾಂಪೂ ಬೆರೆಸಿ, ವಿಗ್ಗನ್ನು ಹತ್ತು ನಿಮಿಷ ಮುಳುಗಿಸಿಟ್ಟು, ಉಜ್ಜದೆ, ಹಿಂಡದೆ, ಮೇಲೆ ಕೆಳಗೆ ಆಡಿಸಿ ತೆಗೆಯಿರಿ. ಜಾಲಿಸಿದ ಬಳಿಕ, ಬಟ್ಟೆ ಮೃದುವಾಗಿಸುವ ದ್ರಾವಣವನ್ನು ಒಂದು ಚಮಚದಷ್ಟು ಬೆರೆಸಿದ ಇನ್ನೊಂದು ಲೀಟರ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಎಳೆಗಳು ಒಂದಕ್ಕೊಂದು ಅಂಟುವುದು ಬಹಳಮಟ್ಟಿಗೆ ತಪ್ಪುತ್ತದೆ. ಟವೆಲ್ಲಿನ ಮಡಿಕೆಯಲ್ಲಿಟ್ಟು ಒತ್ತಿ ನೀರು ತೆಗೆದು, ನೆರಳಿನಲ್ಲಿ ಒಣಗಿಸಿ. ಒಣಗಿಸಲು ವಿಶೇಷ ಸ್ಟ್ಯಾಂಡ್ ಬೇಕಿಲ್ಲ: 60 ಸೆಂಟಿಮೀಟರ್ ಎತ್ತರದ ಕೀಲುಗೊಂಬೆಗಳ (ಕೈಕಾಲುಗಳನ್ನು ಕೀಲಿನಲ್ಲಿ ತಿರುಗಿಸಬಹುದಾದ ಗೊಂಬೆಗಳ) ವಿಗ್ ಸಾಮಾನ್ಯವಾಗಿ 8–9 ಅಂಗುಲ ಸುತ್ತಳತೆಯದು, ಅಂದರೆ ಅಡ್ಡಳತೆ ಸುಮಾರು 7 ಸೆಂಟಿಮೀಟರ್. ಬೋರಲು ಹಾಕಿದ ಸ್ಟೀಲ್ ಲೋಟಕ್ಕೆ ಕರವಸ್ತ್ರ ಹೊದಿಸಿದರೆ ಅದೇ ತಲೆಯಾಯಿತು.

ಇನ್ನು ಅಲಂಕಾರ. ಈ ನೂಲು ಬಿಸಿಗೆ ಮೆತ್ತಗಾಗಿ, ತಣಿಯುವಾಗ ಯಾವ ಆಕಾರದಲ್ಲಿರುತ್ತದೋ ಅದನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಗುಂಗುರು ಮಾಡುವ ವಿದ್ಯೆಯೆಲ್ಲ ಇದರಲ್ಲಿದೆ. ಸುತ್ತಿಡಲು ಹಿಂದೆ ಪ್ಲಾಸ್ಟಿಕ್ ಸ್ಟ್ರಾ ಬಳಸುತ್ತಿದ್ದರು, 2022ರ ಜುಲೈ 1ರಿಂದ ಅದಕ್ಕೆ ನಿಷೇಧವಿದೆ; ಕಾಗದದ್ದು ನೀರಿಗೆ ಕರಗಿಹೋಗುತ್ತದೆ, ಹಾಗಾಗಿ ಸ್ಟೀಲ್ ಸ್ಟ್ರಾ ತೆಗೆದುಕೊಳ್ಳಿ. ಪೆನ್ಸಿಲ್ ಬೇಡ, ಬಿಸಿನೀರಿಗೆ ಅದರ ಬಣ್ಣ ಬಿಡಬಹುದು. ಒದ್ದೆ ಕೂದಲಿನಿಂದ ಬೆರಳ ಅಗಲದ ಎಳೆಗಂತೆಯನ್ನು ಬೇರ್ಪಡಿಸಿ, ತುದಿಯನ್ನು ಸ್ಟ್ರಾಗೆ ಚಪ್ಪಟೆಯಾಗಿ ಒತ್ತಿ ಬುಡದವರೆಗೆ ಸುತ್ತಿ, ಹತ್ತಿ ದಾರದಿಂದ ಕಟ್ಟಿ. ತುದಿ ಮಡಚಿಕೊಂಡಿದ್ದರೆ ಆ ಮಡಿಕೆಯೂ ಹಾಗೇ ಕೂತುಬಿಡುತ್ತದೆ, ಆದ್ದರಿಂದ ಇಲ್ಲಿ ಅವಸರ ಸಲ್ಲದು. ಎಲ್ಲ ಸುತ್ತಿದ ಮೇಲೆ, ಕುದಿದ ನೀರನ್ನು ಒಲೆಯಿಂದಿಳಿಸಿ ಎರಡು ಮೂರು ನಿಮಿಷ ಬಿಟ್ಟು, ಬೇಸಿನ್ನಿನಲ್ಲಿಟ್ಟ ವಿಗ್ಗಿನ ಮೇಲೆ ನಿಧಾನವಾಗಿ ಸುರಿಯಿರಿ. ಇದು ಮಕ್ಕಳ ಕೈಗೆ ಕೊಡುವ ಕೆಲಸವಲ್ಲ. ಒಡನೆಯೇ ತಣ್ಣೀರು ಸುರಿದು, ಒಂದು ಇಡೀ ದಿನ ಒಣಗಿಸಿಯೇ ಸ್ಟ್ರಾ ಬಿಚ್ಚಬೇಕು. ಸಂಜೆಗೇ ಬಿಚ್ಚಿ ನೋಡುವ ಆಸೆಯಾಗುತ್ತದೆ. ಒಳಗೆ ತೇವವಿದ್ದರೆ ಗುಂಗುರು ಜೋತುಬೀಳುತ್ತದೆ. ಕೂದಲು ನೇರವಾಗಬೇಕಾದರೆ ಸುತ್ತದೆ, ಅದೇ ಬಿಸಿನೀರು ಹನಿಸಿ ಬಾಚಿದರೆ ಸಾಕು. ಸ್ಟ್ರೇಟ್ನರ್ ಮಾತ್ರ ಬೇಡ: ಅದರ 150–200 ಡಿಗ್ರಿ ಶಾಖಕ್ಕೆ ಇಂಥ ಎಳೆ ಸುರುಟಿ ತಟ್ಟೆಗೆ ಅಂಟುತ್ತದೆ.

ಕತ್ತರಿಸುವುದಿದ್ದರೆ ಕತ್ತರಿಯನ್ನು ಅಡ್ಡ ಹಿಡಿಯದೆ, ತುದಿಯನ್ನು ಮೇಲ್ಮುಖವಾಗಿಸಿ ಚೂರುಚೂರೇ ತೆಗೆಯಿರಿ. ಮತ್ತೆ ಬೆಳೆಯುವ ಕೂದಲಲ್ಲ ಇದು.

ಕಪ್ಪು ಮತ್ತು ಕೆಂಪು ವಿಗ್ಗುಗಳು ತಿಳಿಬಣ್ಣದ ರೆಸಿನ್ (ಅಚ್ಚಿಗೆ ಹೊಯ್ದ ಗಟ್ಟಿ ಪ್ಲಾಸ್ಟಿಕ್) ತಲೆಗೆ ಕಲೆ ಹತ್ತಿಸಬಲ್ಲವು. ನಡುವೆ ಸಿಲಿಕೋನ್ ಟೋಪಿಯನ್ನೋ ಬಿಳಿ ಬಟ್ಟೆಯ ತುಂಡನ್ನೋ ಹಾಕಿದರೆ ಕಲೆಯೂ ಇಲ್ಲ, ವಿಗ್ ಜಾರುವುದೂ ಇಲ್ಲ. ನವರಾತ್ರಿಗೆ ಮೆಟ್ಟಿಲೇರುವ ಪಟ್ಟದ ಗೊಂಬೆಗಳ ಕೂದಲು ಮರದ ಮೇಲಿನ ಬಣ್ಣವಾದ್ದರಿಂದ ಅವುಗಳಿಗೆ ಈ ತಾಪತ್ರಯವಿಲ್ಲ. ಆದರೆ ಪಕ್ಕದಲ್ಲಿ ಮಕ್ಕಳು ಕೂರಿಸುವ ಬಾರ್ಬಿಯ ಜಡೆಗೆ ರಬ್ಬರ್ ಬ್ಯಾಂಡ್ ಹಾಕಿದ್ದರೆ, ಗೊಂಬೆಗಳನ್ನು ಪೆಟ್ಟಿಗೆಗೆ ತುಂಬುವ ಮುನ್ನ ಮರೆಯದೆ ಬಿಚ್ಚಿ ಹತ್ತಿ ದಾರ ಕಟ್ಟಿ. ಮುಂದಿನ ವರ್ಷದ ಹೊತ್ತಿಗೆ ಆ ರಬ್ಬರ್ ಕರಗಿ ಕೂದಲಿಗೆ ಅಂಟಿರುತ್ತದೆ.