ಸೀತಾಳೆ ದಂಡೆ ಬೆಳೆಸುವುದು: ಮಣ್ಣಲ್ಲ, ಬೇರಿಗೆ ಗಾಳಿ ಬೇಕು

ಮುಂಗಾರು ಹಿಡಿಯುವ ಹೊತ್ತಿಗೆ ಮಲೆನಾಡಿನ ಮಾವು, ಹಲಸಿನ ಕೊಂಬೆಗಳಿಂದ ಮೊಳದುದ್ದದ ಹೂಗೊಂಚಲು ಇಳಿಬೀಳುತ್ತದೆ. ಬಿಳಿ ಎಸಳಿನ ಮೇಲೆ ನೇರಳೆ ಚುಕ್ಕಿ, ಒಂದೇ ಗೊಂಚಲಲ್ಲಿ ನೂರಕ್ಕೂ ಹೆಚ್ಚು ಹೂ, ಹತ್ತಿರ ಹೋದರೆ ನವಿರಾದ ಪರಿಮಳ. ಇದೇ ಸೀತಾಳೆ ದಂಡೆ, ಮರದ ಮೇಲೆ ಬೆಳೆಯುವ ಆರ್ಕಿಡ್, ಸಸ್ಯಶಾಸ್ತ್ರದ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸ. ಅಸ್ಸಾಮಿನವರು ಬಿಹು ಕುಣಿತಕ್ಕೆ ಮುಡಿಯುವ ಕಪೌ ಫೂಲ್ ಕೂಡ ಇದೇ.

ಬಂದಣಿಕೆ ಎಂದುಕೊಂಡು ತೋಟದ ಮರದಿಂದ ಇದನ್ನು ಕಿತ್ತೆಸೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಂದಣಿಕೆ ಮರದೊಳಕ್ಕೆ ಬೇರಿಳಿಸಿ ರಸ ಹೀರುತ್ತದೆ. ಸೀತಾಳೆ ತೊಗಟೆಯನ್ನು ಬರೀ ಹಿಡಿದುಕೊಂಡಿರುತ್ತದೆ, ಮರಕ್ಕೆ ಏನೂ ನಷ್ಟವಿಲ್ಲ.

ಕಾಡಿನಿಂದ ಗಿಡ ತರುವ ಯೋಚನೆ ಬೇಡ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಕೀಳುವುದು ಅಪರಾಧ. ಅದೂ ಅಲ್ಲದೆ, ತೊಗಟೆಯಿಂದ ಬೇರು ಹರಿದು ತಂದ ಗಿಡ ಬಹಳ ಸಲ ಉಳಿಯುವುದೂ ಇಲ್ಲ. ಅಂಗಾಂಶ ಕೃಷಿಯ ಸಸಿಯನ್ನು ನರ್ಸರಿಯಲ್ಲಿ ಕೇಳಿ ಕೊಳ್ಳಿ. ನಿಮ್ಮದೇ ತೋಟದಲ್ಲಿ ಗಾಳಿಮಳೆಗೆ ಮುರಿದ ಕೊಂಬೆಯಲ್ಲಿ ಗಿಡವಿದ್ದರೆ ಬಿಡಿಸಲು ಹೋಗದೆ ಕೊಂಬೆಯ ತುಂಡನ್ನೇ ಕೊಯ್ದು ತೂಗುಹಾಕಿ.

ಕೂರಿಸುವ ಮೊದಲು ಬೇರನ್ನು ಒಮ್ಮೆ ನೋಡಿ. ಪೆನ್ಸಿಲಿನಷ್ಟು ದಪ್ಪ, ಮೇಲೆ ಬೆಳ್ಳಿಯಂಥ ಬಿಳಿ ಹೊದಿಕೆ. ನೀರು ಚಿಮುಕಿಸಿದರೆ ಕ್ಷಣದಲ್ಲಿ ಹಸಿರಿಗೆ ತಿರುಗುತ್ತದೆ, ಒಣಗಿದಾಗ ಮತ್ತೆ ಬಿಳಿ. ಆ ಹೊದಿಕೆ ಸ್ಪಂಜು, ಮಳೆ ಬಂದಾಗ ಹೀರಿ, ಆಮೇಲೆ ಗಾಳಿಗೆ ಒಣಗಬೇಕು. ಮಣ್ಣಿನ ಕುಂಡದಲ್ಲಿ ಹೂತರೆ ಅದು ಒಣಗುವುದೇ ಇಲ್ಲ, ವಾರಗಳಲ್ಲೇ ಕೊಳೆಯುತ್ತದೆ.

ಜೂನ್‌ನಲ್ಲಿ, ಹೂ ಮುಗಿದು ಹೊಸ ಬೇರಿನ ಹಸಿರು ತುದಿ ಕಾಣುವಾಗ ಕೂರಿಸಿ. ಒರಟು ತೊಗಟೆಯ ಮಾವು, ಹಲಸು ಒಳ್ಳೆಯದು. ತೊಗಟೆ ಸುಲಿದು ಉದುರಿಸುವ ಸೀಬೆ, ನೀಲಗಿರಿ ಬೇಡ. ಬೇರಿನ ಕೆಳಗೆ ಅಂಗೈಯಗಲ ತೆಂಗಿನ ಸಿಪ್ಪೆಯಿಟ್ಟು, ಗಿಡವನ್ನು ತುಸು ಓರೆಯಾಗಿ, ಸುಳಿಯಲ್ಲಿ ನೀರು ನಿಲ್ಲದಂತೆ ಹತ್ತಿಬಟ್ಟೆಯ ಪಟ್ಟಿಯಿಂದ ಕಟ್ಟಿ. ಗಿಡ ಅಲುಗಾಡಿದರೆ ಹೊಸ ಬೇರಿನ ತುದಿ ಉಜ್ಜಿ ಸಾಯುತ್ತದೆ, ಹಾಗಾಗಿ ಬಿಗಿಯಾಗಿರಲಿ. ಮರವಿಲ್ಲದವರು ಸಾಗುವಾನಿ ಪಟ್ಟಿಯ ಬುಟ್ಟಿಯಲ್ಲಿ ಇದ್ದಿಲಿನ ದೊಡ್ಡ ತುಂಡು ನಾಲ್ಕೈದು ಹಾಕಿ ಕೂರಿಸಬಹುದು. ಬುಟ್ಟಿ ತುಂಬಿಸಬೇಕಿಲ್ಲ.

ಬೆಳಗಿನ ಬಿಸಿಲು ಬೀಳಲಿ, ಮಧ್ಯಾಹ್ನಕ್ಕೆ ಶೇ. 50ರ ನೆರಳು ಬಲೆ ಸಾಕು. ಎಲೆ ಕಡುಹಸಿರಾದರೆ ಬೆಳಕು ಸಾಲದು, ಹೂ ಬಿಡದಿರಲು ಮುಖ್ಯ ಕಾರಣವೇ ಅದು. ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ ನೀರು, ಬಯಲುಸೀಮೆಯ ಒಣ ಗಾಳಿಗೆ ಸಂಜೆ ಮುಂಚೆ ಇನ್ನೊಮ್ಮೆ. ಚಳಿಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ. ಗಡಸು ಬೋರ್‌ವೆಲ್ ನೀರು ಬೇರಿನ ಮೇಲೆ ಬಿಳಿ ಪುಡಿ ಕೂರಿಸಿ ತುದಿ ಸುಡುತ್ತದೆ, ಮಳೆನೀರು ಹಿಡಿದಿಟ್ಟುಕೊಳ್ಳಿ. ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 20-20-20 ಗೊಬ್ಬರವನ್ನು ಲೀಟರ್ ನೀರಿಗೆ 1 ಗ್ರಾಂ ಕರಗಿಸಿ, ಗಿಡ ಬೆಳೆಯುವ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಬೇರು ಒದ್ದೆಯಿರುವಾಗ ಮಾತ್ರ ಸಿಂಪಡಿಸಿ. ಡಿಸೆಂಬರ್, ಜನವರಿಯಲ್ಲಿ ನಿಲ್ಲಿಸಿ.

ಹೆಚ್ಚು ಗಿಡ ಸಾಯುವುದು ಸುಳಿಕೊಳೆಯಿಂದ. ಇದಕ್ಕಿರುವುದು ಒಂದೇ ಸುಳಿ. ಅಲ್ಲಿ ರಾತ್ರಿಯಿಡೀ ನೀರು ನಿಂತರೆ ನಡುವಿನ ಎಲೆ ಬುಡದಲ್ಲಿ ಕಪ್ಪಾಗಿ, ಮೆಲ್ಲಗೆ ಎಳೆದರೆ ಕೈಗೇ ಬರುತ್ತದೆ. ಬ್ಲೇಡನ್ನು ಬೆಂಕಿಗೆ ಹಿಡಿದು ಶುದ್ಧ ಮಾಡಿ, ಬೆಳ್ಳಗೆ ಗಟ್ಟಿ ಭಾಗ ಕಾಣುವವರೆಗೆ ಕೊಯ್ದು, ಗಾಯಕ್ಕೆ ದಾಲ್ಚಿನ್ನಿ ಪುಡಿ ಒತ್ತಿ. ಪುಡಿ ಬೇರಿಗೆ ತಾಗದಿರಲಿ, ಒಣಗಿಸಿಬಿಡುತ್ತದೆ. ಬೇರು ಚೆನ್ನಾಗಿದ್ದರೆ ಗಿಡವನ್ನು ಎಸೆಯಬೇಡಿ, ಕೆಲವು ತಿಂಗಳಲ್ಲಿ ಬುಡದಿಂದ ಮರಿ ಒಡೆಯಬಹುದು. ಮಳೆಗಾಲದಲ್ಲಿ ಬೇರಿನ ಹಸಿರು ತುದಿ ಮಾಯವಾಗುತ್ತಿದ್ದರೆ ಬಸವನಹುಳು ತಿನ್ನುತ್ತಿದೆ, ರಾತ್ರಿ ಟಾರ್ಚ್ ಹಿಡಿದು ಆರಿಸಿ.

ಹೂ ಎರಡು ವಾರದ ಆಸುಪಾಸು ಇರುತ್ತದೆ. ಬಾಡಿದ ಮೇಲೆ ದಂಟನ್ನು ಬುಡದಲ್ಲಿ ಒಂದಿಂಚು ಬಿಟ್ಟು ಕತ್ತರಿಸಿ, ಕಾಯಿ ಕಟ್ಟಲು ಬಿಟ್ಟರೆ ಎಳೆಯ ಗಿಡ ಸೊರಗುತ್ತದೆ. ಬುಟ್ಟಿ ಹಳತಾಗಿ ಮುರಿಯತೊಡಗಿದರೆ ಬೇರು ಬಿಡಿಸಬೇಡಿ. ಹಳೆ ಬುಟ್ಟಿಯ ಸಮೇತ ದೊಡ್ಡ ಬುಟ್ಟಿಯೊಳಗೆ ಇಳಿಸಿ.